ಜಗಲಿಯಿಂದ ಕಿಸೆಗೆ ಹೋದ ಮ್ಯಾಚ್

2025ರ ಆಗಸ್ಟ್ 4, ಸೋಮವಾರ. ಶಿರಸಿ ಕಡೆಯ ನಮ್ಮೂರಲ್ಲಿ ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಓವಲ್ ಟೆಸ್ಟಿನ ಐದನೇ ದಿನ. ಇಂಗ್ಲೆಂಡಿಗೆ 35 ರನ್ ಬೇಕು, ನಮಗೆ 4 ವಿಕೆಟ್ ಬೇಕು. ಗೆದ್ದರೆ ಸರಣಿ ಸಮ. ಮೂರೂವರೆಗೆ ಆಟ ಶುರು ಅಂತ ಊಟ ಮುಗಿಸಿ ಏಳೆಂಟು ಜನ ಜಗಲಿಯಲ್ಲಿ ಟಿವಿ ಮುಂದೆ ಕೂತಿದ್ದೆವು. ಪ್ರಸಿದ್ಧ ಕೃಷ್ಣನ ಮೊದಲ ಎರಡು ಎಸೆತಕ್ಕೆ ಓವರ್ಟನ್ ಎರಡು ಬೌಂಡರಿ ಬಾರಿಸಿದ. ಅಯ್ಯೋ ಅಂತ ಎಲ್ಲರೂ ತಲೆ ಮೇಲೆ ಕೈ ಇಡುವಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯಿತು, ನಿಂತಿತು, ಸಿಗ್ನಲ್ ಇಲ್ಲ ಅನ್ನುವ ಸಾಲು ಬಂತು.

ಅಣ್ಣನ ಮಗ ಕೊಡೆ ಹಿಡಿದು ಮನೆ ಹಿಂದಿನ ಬೆಟ್ಟಕ್ಕೆ ಓಡಿದ. ಅಲ್ಲಿ ಒಂದು ಮತ್ತಿ ಮರದ ಬುಡದಲ್ಲಿ ಮಾತ್ರ ಫೋನಿಗೆ ಎರಡು ಗೆರೆ ನೆಟ್‌ವರ್ಕ್ ಸಿಗುತ್ತದೆ. ಅವನು ಅಲ್ಲಿಂದ ಕೂಗಬೇಕು, ನಾವು ಜಗಲಿಯ ತುದಿಯಲ್ಲಿ ನಿಂತು ಕೇಳಬೇಕು. ಹಂಚಿನ ಮೇಲಿನ ಮಳೆ ಸದ್ದಿನಲ್ಲಿ ಸ್ಮಿತ್ ಔಟ್ ಅಂದದ್ದು ಕೇಳಿತು, ಓವರ್ಟನ್ ಔಟ್ ಅಂದದ್ದು ಕೇಳಿತು, ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಭುಜ ಜಾರಿದ್ದ ವೋಕ್ಸ್ ಒಂದು ಕೈಯನ್ನು ಸ್ವೆಟರ್ ಒಳಗೆ ಕಟ್ಟಿಕೊಂಡು ಬ್ಯಾಟಿಂಗಿಗೆ ಇಳಿದದ್ದು, ಸಿರಾಜ್ ಯಾರ್ಕರ್ ಹಾಕಿ ಆಟ್ಕಿನ್ಸನ್‌ನ ಸ್ಟಂಪ್ ಎಬ್ಬಿಸಿದ್ದು, 6 ರನ್ನಿಂದ ಗೆದ್ದದ್ದು, ಇದನ್ನೆಲ್ಲ ನಾವು ಕಣ್ಣಲ್ಲಿ ನೋಡಿದ್ದು ರಾತ್ರಿ, ಹೈಲೈಟ್ಸ್‌ನಲ್ಲಿ.

ಮಳೆಯನ್ನು ಬೈದು ಪ್ರಯೋಜನ ಇಲ್ಲ. ಮಳೆ ಮೊದಲೂ ಇತ್ತು. ನನ್ನನ್ನು ಕಾಡುವುದು ಬೇರೆ. ಹತ್ತು ಹದಿನೈದು ವರ್ಷದ ಹಿಂದೆ ಕಾರವಾರದ ಚಹಾ ಅಂಗಡಿಯಲ್ಲಿ, ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳುತ್ತಿದ್ದದ್ದು ‘ಸ್ಕೋರ್ ಎಷ್ಟಾಯ್ತು?’ ಅಂತ. ಈಗ ಕೇಳುವುದು ‘ಮ್ಯಾಚ್ ಯಾವುದರಲ್ಲಿ ಬರ್ತಿದೆ?’ ಅಂತ. ಪ್ರಶ್ನೆ ಬದಲಾದದ್ದು ಸುಮ್ನೆ ಅಲ್ಲ. ಅದರ ಹಿಂದೆ ದೊಡ್ಡ ದುಡ್ಡಿನ ಲೆಕ್ಕ ಇದೆ, ಕಾನೂನು ಇದೆ, ಮತ್ತು ಟಿವಿ ಕಂಪನಿಗಳು ತಮ್ಮ ದಾರಿ ಬದಲಿಸಿಕೊಂಡ ಕತೆ ಇದೆ. ಮನೆಮಂದಿ ಎಲ್ಲ ಕೂತು ನೋಡುವ ಆಟವನ್ನು ಅವು ಒಬ್ಬೊಬ್ಬರ ಕೈಯಲ್ಲಿರುವ ಫೋನಿಗೆ ಸಾಗಿಸುತ್ತಿವೆ. ನಮ್ಮಂಥ ಜಿಲ್ಲೆಗೆ ಈ ಬದಲಾವಣೆ ಎಲ್ಲರಿಗಿಂತ ಜಾಸ್ತಿ ತಾಗುತ್ತದೆ.

2025 ಒಂದೇ ವರ್ಷ ತೆಗೆದುಕೊಳ್ಳಿ. ಮಾರ್ಚಿನಿಂದ ಐಪಿಎಲ್: ಟಿವಿಯಲ್ಲಿ ಸ್ಟಾರ್ ಸ್ಪೋರ್ಟ್ಸ್, ಫೋನಿನಲ್ಲಿ ಜಿಯೋಹಾಟ್‌ಸ್ಟಾರ್. ಜೂನಿನಲ್ಲಿ ಇಂಗ್ಲೆಂಡ್ ಪ್ರವಾಸ: ಟಿವಿಯಲ್ಲಿ ಸೋನಿ, ಆದರೆ ಫೋನಿನಲ್ಲಿ ಜಿಯೋಹಾಟ್‌ಸ್ಟಾರ್. ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್: ಟಿವಿಯಲ್ಲೂ ಸೋನಿ, ಫೋನಿನಲ್ಲೂ ಸೋನಿಲಿವ್. ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ಪ್ರವಾಸ: ಮತ್ತೆ ಸ್ಟಾರ್, ಮತ್ತೆ ಜಿಯೋಹಾಟ್‌ಸ್ಟಾರ್. ಆಡುವವರು ಅದೇ ಹನ್ನೊಂದು ಜನ, ನೋಡುವವರು ಅದೇ ನಾವು, ನಡುವೆ ಮಾತ್ರ ಅಂಗಡಿ ಬದಲಾಗುತ್ತಲೇ ಇತ್ತು. ಭಾರತ ಯಾವ ದೇಶಕ್ಕೆ ಹೋಗುತ್ತದೋ ಆ ದೇಶದ ಮಂಡಳಿ ಪ್ರಸಾರದ ಹಕ್ಕು ಮಾರುತ್ತದೆ, ಐಸಿಸಿ ಟೂರ್ನಿಗಳದ್ದು ಐಸಿಸಿ ಮಾರುತ್ತದೆ, ಏಷ್ಯಾ ಕಪ್‌ದು ಏಷ್ಯಾ ಮಂಡಳಿ ಮಾರುತ್ತದೆ. ಒಬ್ಬೊಬ್ಬರ ಗುತ್ತಿಗೆ ಒಂದೊಂದು ವರ್ಷ ಮುಗಿಯುತ್ತದೆ. ಹಾಗಾಗಿ ಇವತ್ತು ನೀವು ಸರಿಯಾಗಿ ಆರಿಸಿದ ಪ್ಯಾಕ್ ನಾಳೆ ತಪ್ಪಾದ ಪ್ಯಾಕ್ ಆಗಿರುತ್ತದೆ.

ಫುಟ್‌ಬಾಲ್ ನೋಡುವವರ ಗೋಳು ಇನ್ನೂ ಹೆಚ್ಚು. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕಾಳಿ ನದಿ ದಾಟಿ ಮಾಜಾಳಿ ಕಳೆದರೆ ಗೋವಾ, ಅಲ್ಲಿಯ ಫುಟ್‌ಬಾಲ್ ಹುಚ್ಚು ಈಚೆಗೂ ಹರಿದು ಬಂದಿದೆ. ಸ್ಪೇನಿನ ಲಾ ಲಿಗಾವನ್ನೇ ನೋಡಿ. 2018ರಿಂದ ಮೂರು ವರ್ಷ ಅದು ನಮ್ಮ ದೇಶದಲ್ಲಿ ಫೇಸ್‌ಬುಕ್‌ನಲ್ಲಿ ಬರುತ್ತಿತ್ತು. 2021ರಲ್ಲಿ ಹಾಡು ಹಾಕುವ ಎಂಟಿವಿಗೆ ಬಂತು. 2022ರ ಏಪ್ರಿಲ್‌ನಲ್ಲಿ ಸ್ಪೋರ್ಟ್ಸ್18 ಅನ್ನುವ ಹೊಸ ಚಾನೆಲ್ ಶುರುವಾದ ಮೇಲೆ ಅಲ್ಲಿಗೆ ಹೋಯಿತು. ಆಮೇಲೆ ಅಲ್ಲಿಂದಲೂ ಜಾಗ ಬಿಟ್ಟಿತು. ಸ್ಪೋರ್ಟ್ಸ್18 ಅನ್ನುವ ಹೆಸರೇ 2025ರಲ್ಲಿ ಇಲ್ಲವಾಯಿತು. ಇಂಡಿಯನ್ ಸೂಪರ್ ಲೀಗ್ ಕೂಡ 2014ರಿಂದ ಸ್ಟಾರ್‌ನಲ್ಲಿದ್ದದ್ದು 2023ರಲ್ಲಿ ಬೇರೆ ಮನೆಗೆ ಹೋಯಿತು. ಒಂದು ತಂಡವನ್ನು ವರ್ಷಗಟ್ಟಲೆ ಹಿಂಬಾಲಿಸುವ ಹುಡುಗನಿಗೆ ಆ ತಂಡದ ಆಟ ಎಲ್ಲಿದೆ ಅಂತ ಪ್ರತಿ ವರ್ಷ ಹೊಸದಾಗಿ ಹುಡುಕಬೇಕಾದರೆ ಅವನ ಪ್ರೀತಿ ಎಷ್ಟು ದಿನ ಉಳಿದೀತು?

ಚಾನೆಲ್ಲುಗಳ ಹೆಸರು ಬದಲಾಗುವುದು ಹೊಸತಲ್ಲ. ಇಎಸ್‌ಪಿಎನ್ ಮತ್ತು ಸ್ಟಾರ್ 1996ರಲ್ಲಿ ಕೂಡಿದವು, 2012ರಲ್ಲಿ ಬೇರೆಯಾದವು, 2013ರ ನವೆಂಬರಿನಲ್ಲಿ ಎಲ್ಲವೂ ಸ್ಟಾರ್ ಸ್ಪೋರ್ಟ್ಸ್ ಆದವು. 2002ರಲ್ಲಿ ಬಂದ ಟೆನ್ ಸ್ಪೋರ್ಟ್ಸ್ ಮೊದಲು ಝೀ ಕೈಗೆ, ಆಮೇಲೆ 2016ರ ಒಪ್ಪಂದದಲ್ಲಿ ಸೋನಿ ಕೈಗೆ ಹೋಯಿತು. ಭಾರತದ ತವರಿನ ಕ್ರಿಕೆಟ್ ತೋರಿಸುತ್ತಿದ್ದ ನಿಯೋ ಸ್ಪೋರ್ಟ್ಸ್‌ನ ಗುತ್ತಿಗೆಯನ್ನು 2011ರ ಡಿಸೆಂಬರಿನಲ್ಲಿ ಬಿಸಿಸಿಐ ರದ್ದು ಮಾಡಿತು. ಆಗ ನಮಗೆ ಇದೆಲ್ಲ ಅಷ್ಟು ತಾಗಲಿಲ್ಲ. ಯಾಕೆಂದರೆ ಕೇಬಲ್‌ನವನಿಗೆ ತಿಂಗಳಿಗೆ ಒಂದು ಮೊತ್ತ ಕೊಟ್ಟರೆ ಎಲ್ಲ ಚಾನೆಲ್ಲೂ ಬರುತ್ತಿದ್ದವು. ಹೆಸರು ಏನಾದರೂ ಆಗಲಿ, ರಿಮೋಟ್ ಒತ್ತುತ್ತಾ ಹೋದರೆ ಆಟ ಸಿಗುತ್ತಿತ್ತು.

2019ರ ಫೆಬ್ರವರಿಯಿಂದ ಟ್ರಾಯ್, ಅಂದರೆ ಟಿವಿ ದರಕ್ಕೆ ನಿಯಮ ಮಾಡುವ ಸರಕಾರಿ ಸಂಸ್ಥೆಯ ಹೊಸ ದರ ಪದ್ಧತಿ ಬಂತು. ಮೊದಲ ನೂರು ಚಾನೆಲ್ಲಿಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ಬೇಕಾದ್ದನ್ನು ಮಾತ್ರ ದುಡ್ಡು ಕೊಟ್ಟು ಆರಿಸಿಕೊಳ್ಳಿ ಅಂತ. ಉದ್ದೇಶ ಒಳ್ಳೆಯದೇ. ಬೇಡದ ಚಾನೆಲ್ಲಿಗೆ ಯಾಕೆ ದುಡ್ಡು ಕೊಡಬೇಕು, ಅಲ್ವಾ? ಆದರೆ ಆಟ ನೋಡುವವನಿಗೆ ಇದು ಉಲ್ಟಾ ಹೊಡೆಯಿತು. ಸೀರಿಯಲ್ ಯಾವ ಚಾನೆಲ್ಲಿನಲ್ಲಿ ಶುರುವಾಗುತ್ತದೋ ಅಲ್ಲೇ ಮುಗಿಯುತ್ತದೆ, ಆಟ ಹಾಗಲ್ಲ. ಮುಂದಿನ ಸರಣಿ ಯಾರ ಹತ್ತಿರ ಇದೆ ಅಂತ ಗೊತ್ತಿಲ್ಲದೆ ಚಾನೆಲ್ ಆರಿಸುವುದು ಹೇಗೆ? ನನ್ನದೇ ಅನುಭವ ಹೇಳುತ್ತೇನೆ. ಒಂದು ತಿಂಗಳು ರೀಚಾರ್ಜ್ ಮಾಡಿದ ಮೇಲೆ ಕನ್ನಡದ ಕ್ರೀಡಾ ಚಾನೆಲ್ ಕಾಣಲಿಲ್ಲ. ಡಿಶ್ ಕಂಪನಿಗೆ ಫೋನ್ ಮಾಡಿದೆ. ಪ್ಯಾಕ್ ಬದಲಾಗಿದೆ, ಅದು ಬೇಕಿದ್ದರೆ ಇನ್ನೊಂದು ದೊಡ್ಡ ಪ್ಯಾಕ್ ತೆಗೆದುಕೊಳ್ಳಿ ಅಂದರು. ಬರೀ ಆ ಒಂದು ಚಾನೆಲ್ ಸೇರಿಸಿ ಅಂದೆ. ಸೇರಿಸಲು ಎರಡು ದಿನ, ನಾಲ್ಕು ಫೋನ್. ಅಷ್ಟರಲ್ಲಿ ನಾನು ನೋಡಬೇಕಿದ್ದ ಪಂದ್ಯ ಮುಗಿದಿತ್ತು.

ಈಗ ದುಡ್ಡಿನ ವಿಷಯಕ್ಕೆ ಬರೋಣ, ಎಲ್ಲದರ ಬೇರು ಅಲ್ಲಿದೆ.

2017ರಲ್ಲಿ ಸ್ಟಾರ್ ಐದು ವರ್ಷದ ಐಪಿಎಲ್‌ಗೆ, ಟಿವಿ ಮತ್ತು ಮೊಬೈಲ್ ಎಲ್ಲ ಸೇರಿ, 16,347.5 ಕೋಟಿ ಕೊಟ್ಟಿತ್ತು. ಆಗಲೇ ಜನ ಬಾಯಿ ಬಿಟ್ಟು ನೋಡಿದ್ದರು. 2022ರ ಜೂನಿನಲ್ಲಿ ಮುಂದಿನ ಐದು ವರ್ಷಕ್ಕೆ ಹರಾಜು ಆಯಿತು, ಒಟ್ಟು 48,390 ಕೋಟಿ. ಹೆಚ್ಚುಕಡಿಮೆ ಮೂರು ಪಟ್ಟು. ಆ ಸಲ ಬಿಸಿಸಿಐ ಟಿವಿಯನ್ನೂ ಡಿಜಿಟಲ್ಲನ್ನೂ ಬೇರೆ ಬೇರೆ ಮಾರಿತು. ಟಿವಿ ಹಕ್ಕು 23,575 ಕೋಟಿಗೆ ಡಿಸ್ನಿ ಸ್ಟಾರ್‌ಗೆ, ಡಿಜಿಟಲ್ ಹಕ್ಕು ಜಿಯೋಸಿನಿಮಾ ಆ್ಯಪ್ ನಡೆಸುತ್ತಿದ್ದ ರಿಲಯನ್ಸ್ ಕಡೆಯ ವಯಾಕಾಂ18ಗೆ. 410 ಪಂದ್ಯಕ್ಕೆ ಭಾಗಿಸಿದರೆ ಟಿವಿಯಲ್ಲಿ ಒಂದು ಪಂದ್ಯ ತೋರಿಸಲು 57.5 ಕೋಟಿ. ಒಂದು ಪಂದ್ಯಕ್ಕೆ 40 ಓವರ್. ಅಂದರೆ ಪ್ರತಿ ಓವರಿಗೂ ಹೆಚ್ಚುಕಡಿಮೆ ಒಂದೂವರೆ ಕೋಟಿ ರೂಪಾಯಿ ಚಾನೆಲ್ ಮೊದಲೇ ಕೊಟ್ಟಿರುತ್ತದೆ. ಓವರ್ ಮುಗಿಯುವ ಮೊದಲೇ ಜಾಹೀರಾತು ಹಾರಿ ಬರುವುದು, ಮುಂದಿನ ಓವರಿನ ಮೊದಲ ಎಸೆತ ಅರ್ಧ ಆಗಿರುವಾಗ ಆಟ ವಾಪಸ್ ಬರುವುದು, ಪರದೆಯ ಮೂಲೆಯಲ್ಲಿ ಏನೋ ಒಂದು ಹಾರಾಡುತ್ತಲೇ ಇರುವುದು ಯಾಕೆ ಅಂತ ಈ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಎರಡೂ ಇನ್ನಿಂಗ್ಸ್ ಸೇರಿ ಎರಡೂವರೆ ನಿಮಿಷದ ನಾಲ್ಕು ಟೈಮ್‌ಔಟ್ ಇರುವುದು ಆಟಗಾರರು ನೀರು ಕುಡಿಯಲು ಮಾತ್ರ ಅಂತ ನಾನು ನಂಬುವುದಿಲ್ಲ.

ಇಷ್ಟು ದುಡ್ಡು ಟಿವಿಯಿಂದ ವಾಪಸ್ ಬರುವುದು ಕಷ್ಟ. ಬರೀ ಚಂದಾದಿಂದ ಇದು ತೀರುವ ಲೆಕ್ಕ ಅಲ್ಲ. 19 ರೂಪಾಯಿಗಿಂತ ಜಾಸ್ತಿ ಬೆಲೆಯ ಚಾನೆಲ್ಲನ್ನು ಪ್ಯಾಕಿನಲ್ಲಿ ಸೇರಿಸುವ ಹಾಗಿಲ್ಲ ಅಂತ ನಿಯಮ ಇದೆ. ನಮ್ಮನೆ ಜಗಲಿಯಲ್ಲಿ ಒಂದು ಟಿವಿ ಮುಂದೆ ಹನ್ನೆರಡು ಜನ ಕೂತರೂ ಚಾನೆಲ್ಲಿಗೆ ಸಿಗುವುದು ಒಂದೇ ಮನೆಯ ದುಡ್ಡು. ಮೇಲಾಗಿ ಟಿವಿಗೆ ಯಾರು ಕೂತಿದ್ದಾರೆ ಅಂತ ಗೊತ್ತಿಲ್ಲ. ಫೋನಿಗೆ ಗೊತ್ತು. ನೀವು ಯಾರು, ಎಲ್ಲಿದ್ದೀರಿ, ಎಷ್ಟು ಹೊತ್ತು ನೋಡಿದಿರಿ, ಯಾವಾಗ ಬಿಟ್ಟು ಹೋದಿರಿ, ಎಲ್ಲ ಗೊತ್ತು. ಅದಕ್ಕೆ ತಕ್ಕ ಜಾಹೀರಾತು ನಿಮಗೊಬ್ಬರಿಗೇ ತೋರಿಸಬಹುದು. ಒಂದೇ ಮನೆಯ ಹನ್ನೆರಡು ಜನ ಹನ್ನೆರಡು ಫೋನಿನಲ್ಲಿ ನೋಡಿದರೆ ಹನ್ನೆರಡು ಗಿರಾಕಿ. ಕಂಪನಿಗಳು ಜಗಲಿ ಬಿಟ್ಟು ಕಿಸೆಯ ಕಡೆ ನಡೆದದ್ದು ಈ ಕಾರಣಕ್ಕೆ.

ಹೇಗೆ ನಡೆದವು ಅನ್ನುವುದನ್ನೂ ನೋಡಬೇಕು. 2022ರ ಫುಟ್‌ಬಾಲ್ ವಿಶ್ವಕಪ್ಪನ್ನು ಜಿಯೋಸಿನಿಮಾ ಪುಕ್ಕಟೆ ತೋರಿಸಿತು. ಮೊದಲ ದಿನ ಚಿತ್ರ ನಿಂತು ನಿಂತು ಬಂದದ್ದು ನಿಮಗೂ ನೆನಪಿರಬಹುದು. 2023ರ ಐಪಿಎಲ್ ಕೂಡ ಅಲ್ಲಿ ಪುಕ್ಕಟೆ. ಅದಕ್ಕೆ ಪೈಪೋಟಿಯಾಗಿ ಹಾಟ್‌ಸ್ಟಾರ್ 2023ರ ಏಷ್ಯಾ ಕಪ್ ಮತ್ತು ವಿಶ್ವಕಪ್ಪನ್ನು ಮೊಬೈಲಿನಲ್ಲಿ ಪುಕ್ಕಟೆ ಕೊಟ್ಟಿತು, ಫೈನಲ್ ದಿನ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರು. ಎರಡು ದೊಡ್ಡ ಅಂಗಡಿಗಳು ಜಗಳ ಆಡುತ್ತಿದ್ದಾಗ ನಮಗೆ ಲಾಭ ಆಯಿತು. ಆ ಎರಡು ವರ್ಷದಲ್ಲಿ ನಮ್ಮೂರಿನ ಎಷ್ಟೋ ಮನೆಯವರು ಡಿಶ್ ರೀಚಾರ್ಜ್ ಮಾಡುವುದನ್ನೇ ಬಿಟ್ಟರು, ಫೋನಿನಲ್ಲಿ ಬರುತ್ತದಲ್ಲ ಅಂತ. ಆಮೇಲೆ ಆ ಎರಡೂ ಅಂಗಡಿ ಒಂದಾದವು. 2024ರ ನವೆಂಬರ್ 14ಕ್ಕೆ ರಿಲಯನ್ಸ್ ಮತ್ತು ಡಿಸ್ನಿಯ ವಿಲೀನ ಮುಗಿದು ಜಿಯೋಸ್ಟಾರ್ ಆಯಿತು. ಅದರ ಮೌಲ್ಯ 70,352 ಕೋಟಿ ಅಂತ ಅವರೇ ಹೇಳಿದರು. 2025ರ ಫೆಬ್ರವರಿ 14ಕ್ಕೆ ಜಿಯೋಹಾಟ್‌ಸ್ಟಾರ್ ಬಂತು. ಶುರುವಿನಲ್ಲಿ ಮೂರು ತಿಂಗಳಿಗೆ 149 ರೂಪಾಯಿಯ ಪ್ಲಾನ್, ಅದೂ ಒಂದೇ ಮೊಬೈಲಿನಲ್ಲಿ. ಟಿವಿಯಲ್ಲಿ ನೋಡಬೇಕಾದರೆ 299. ಆ ವರ್ಷದ ಐಪಿಎಲ್ ಮೊದಲಿನ ಹಾಗೆ ಪೂರ್ತಿ ಪುಕ್ಕಟೆ ಇರಲಿಲ್ಲ. ಚಂದಾ ಕಟ್ಟಬೇಕು, ಇಲ್ಲವೇ ಅವರದೇ ಸಿಮ್‌ಗೆ 299 ರೂಪಾಯಿ ಮತ್ತು ಮೇಲ್ಪಟ್ಟ ರೀಚಾರ್ಜ್ ಮಾಡಿ ಅದರ ಜೊತೆ ಪಡೆಯಬೇಕು. ನಮ್ಮ ಬೆಟ್ಟದಲ್ಲಿ ಬೇರೆ ಕಂಪನಿಯ ಸಿಮ್ ಮಾತ್ರ ಹಿಡಿಯುತ್ತದೆ ಅನ್ನುವವರು ಏನು ಮಾಡಬೇಕು?

149 ರೂಪಾಯಿ ಬಹಳ ದೊಡ್ಡ ಮೊತ್ತ ಅಂತ ನಾನು ವಾದಿಸುವುದಿಲ್ಲ. ನಮ್ಮ ಕಡೆ ಜನ ಆಟಕ್ಕೆ ದುಡ್ಡು ಕೊಡಲು ಹಿಂದೆಮುಂದೆ ನೋಡುವವರಲ್ಲ. ಯಕ್ಷಗಾನದ ಟಿಕೆಟ್‌ಗೆ ಕೊಡುತ್ತಾರೆ, ಊರಿನ ಹೊನಲು ಬೆಳಕಿನ ಕಬಡ್ಡಿಗೆ ಚಂದಾ ಕೊಡುತ್ತಾರೆ. ನಮ್ಮ ಸಿಟ್ಟು ಬೇರೆ ಕಡೆ ಇದೆ. ಅದು ಅರ್ಥ ಆಗಬೇಕಾದರೆ ಅಡಿಕೆ ಸುಲಿಯುವ ಜಾಗಕ್ಕೆ ಬರಬೇಕು.

ಕೊನೆ ಕೊಯ್ಲು ಶುರುವಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಸಂಜೆಯಿಂದ ರಾತ್ರಿಯವರೆಗೆ ಅಡಿಕೆ ಸುಲಿಯುವ ಕೆಲಸ. ಮೆಟ್ಟುಗತ್ತಿಯ ಮಣೆ ಮೇಲೆ ಕೂತು, ಹಸಿ ಅಡಿಕೆಯನ್ನು ಕತ್ತಿಯ ಮೊನೆಗೆ ಒತ್ತಿ, ಸಿಪ್ಪೆ ಬಿಡಿಸಿ, ಒಳಗಿನದನ್ನು ಬುಟ್ಟಿಗೆ ಹಾಕಬೇಕು. ಎರಡೂ ಕೈಗೆ ಕೆಲಸ. ಬೆರಳೆಲ್ಲ ಚೊಗರು ಹಿಡಿದು ಕಪ್ಪಾಗಿರುತ್ತದೆ. ಕಣ್ಣು ಕತ್ತಿಯ ಮೇಲೆ ಇರಬೇಕು, ಇಲ್ಲದಿದ್ದರೆ ಬೆರಳೇ ಹೋಗುತ್ತದೆ. ಹತ್ತು ಹದಿನೈದು ಜನ ಸಾಲಾಗಿ ಕೂತಿರುತ್ತಾರೆ, ಎದುರಿಗೆ ಟಿವಿ. ಅವರು ಮ್ಯಾಚ್ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ವೀಕ್ಷಕ ವಿವರಣೆಯವರ ದನಿ ಏರಿದಾಗ ಮಾತ್ರ ಎಲ್ಲರ ತಲೆ ಒಟ್ಟಿಗೆ ಮೇಲೆ ಏಳುತ್ತದೆ, ರಿಪ್ಲೇ ನೋಡಿ ಮತ್ತೆ ಕತ್ತಿಯ ಮೇಲೆ ಬಗ್ಗುತ್ತದೆ. ಇವರಿಗೆ ಫೋನಿನ ಆ್ಯಪ್ ಕೊಟ್ಟು ಏನು ಪ್ರಯೋಜನ? ಚೊಗರಿನ ಕೈಯಲ್ಲಿ ಯಾರು ಹಿಡಿಯಬೇಕು, ಆರಿಂಚಿನ ಪರದೆಯನ್ನು ಹದಿನೈದು ಜನ ಹೇಗೆ ನೋಡಬೇಕು?

ಇಲ್ಲೇ ಕನ್ನಡದ ಪ್ರಶ್ನೆಯೂ ಬರುತ್ತದೆ. 2018ರಲ್ಲಿ ಸುವರ್ಣ ಪ್ಲಸ್‌ನಲ್ಲಿ ಐಪಿಎಲ್ ಕನ್ನಡದಲ್ಲಿ ಬಂದಾಗ, ಆ ವರ್ಷದ ಕೊನೆಗೆ ಕನ್ನಡಕ್ಕೇ ಅಂತ ಸ್ಟಾರ್ ಸ್ಪೋರ್ಟ್ಸ್ ಚಾನೆಲ್ ಶುರುವಾದಾಗ, ಹೆಚ್ಚು ಖುಷಿಪಟ್ಟದ್ದು ನಮ್ಮನೆಯ ಹೆಂಗಸರು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಏನೋ ಕೂಗುತ್ತಿದ್ದಾರೆ, ಹಿಂದಿಯಲ್ಲಿ ಏನೋ ಕೂಗುತ್ತಿದ್ದಾರೆ ಅಂತ ಆಗಿತ್ತು. ವಿಜಯ್ ಭಾರದ್ವಾಜ್ ಕನ್ನಡದಲ್ಲಿ ಫೀಲ್ಡಿಂಗ್ ಯಾಕೆ ಹೀಗೆ ಇಟ್ಟಿದ್ದಾರೆ ಅಂತ ಬಿಡಿಸಿ ಹೇಳಿದ ಮೇಲೆ ನನ್ನ ಅತ್ತಿಗೆ ಸ್ಲಿಪ್ ಯಾವುದು, ಗಲ್ಲಿ ಯಾವುದು ಅಂತ ಅಡಿಕೆ ಸುಲಿಯುತ್ತಲೇ ಕಲಿತರು. ಅದು ಸಣ್ಣ ಕೆಲಸ ಅಲ್ಲ, ಆ ಚಾನೆಲ್ಲಿಗೆ ನಾನು ಮನಸಾರೆ ಥ್ಯಾಂಕ್ಸ್ ಹೇಳುತ್ತೇನೆ. ಆದರೆ ಸರಣಿ ಇನ್ನೊಂದು ಮನೆಗೆ ಹೋದ ತಕ್ಷಣ ಆ ಕನ್ನಡ ಟಿವಿಯಿಂದ ಮಾಯ. ಸೋನಿ 2021ರಲ್ಲಿ ತಮಿಳು, ತೆಲುಗಿಗೆ ಅಂತ ಟೆನ್ 4 ಶುರುಮಾಡಿತು, ಕನ್ನಡಕ್ಕೆ ಅಂಥ ಚಾನೆಲ್ ಮಾಡಲಿಲ್ಲ. 2025ರ ಆ ಇಂಗ್ಲೆಂಡ್ ಸರಣಿಯಲ್ಲಿ ಕೆ.ಎಲ್. ರಾಹುಲ್ 532 ರನ್ ಹೊಡೆದರು, ಓವಲ್‌ನ ಎರಡೂ ಇನ್ನಿಂಗ್ಸ್‌ನಲ್ಲಿ ಪ್ರಸಿದ್ಧ ಕೃಷ್ಣ ನಾಲ್ಕು ನಾಲ್ಕು ವಿಕೆಟ್ ತೆಗೆದರು. ಇಬ್ಬರೂ ನಮ್ಮ ಹುಡುಗರು. ಅದನ್ನು ನಮ್ಮ ಭಾಷೆಯಲ್ಲಿ ಟಿವಿಯಲ್ಲಿ ಕೇಳುವ ಭಾಗ್ಯ ನಮಗೆ ಇರಲಿಲ್ಲ.

ಇನ್ನು ಮಳೆಯ ವಿಷಯ. ಛಾವಣಿಯ ಮೇಲಿನ ಸಣ್ಣ ಡಿಶ್ ಹಿಡಿಯುವುದು ಕೆಯು ಬ್ಯಾಂಡ್ ಅನ್ನುವ ಅಲೆಗಳನ್ನು, 11-12 ಗಿಗಾಹರ್ಟ್ಸ್ ಆಸುಪಾಸು. ಆ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಮಾತ್ರ. ದಪ್ಪ ಹನಿಯ ಮಳೆ ಈ ಅಲೆಯನ್ನು ಹೀರುತ್ತದೆ, ಚದುರಿಸುತ್ತದೆ. ಕೇಬಲ್‌ನವರ ದೊಡ್ಡ ಬಾಣಲೆಯಂಥ ಡಿಶ್ ಹಿಡಿಯುವುದು ಸಾಮಾನ್ಯವಾಗಿ ಸಿ ಬ್ಯಾಂಡ್, 4 ಗಿಗಾಹರ್ಟ್ಸ್ ಹತ್ತಿರ, ಅಲೆಯ ಉದ್ದ ಏಳೂವರೆ ಸೆಂಟಿಮೀಟರ್, ಮಳೆಗೆ ಅಷ್ಟು ಜಗ್ಗುವುದಿಲ್ಲ. ಅದಕ್ಕೇ ಕಾರವಾರ ಪೇಟೆಯಲ್ಲಿ, ಅಂಕೋಲಾದಲ್ಲಿ ಕೇಬಲ್ ಇರುವ ಮನೆಯಲ್ಲಿ ಎಂಥ ಮಳೆಗೂ ಕರೆಂಟ್ ಇದ್ದರೆ ಮ್ಯಾಚ್ ಬರುತ್ತದೆ, ದೇವಿಮನೆ ಘಟ್ಟ ಹತ್ತಿ ಮೇಲೆ ಬಂದರೆ ಬರುವುದಿಲ್ಲ. ತೋಟದ ಒಂಟಿ ಮನೆಗಳಿಗೆ ಕೇಬಲ್ ಎಳೆಯಲು ಯಾರಿಗೂ ಪೂರೈಸುವುದಿಲ್ಲ. ಕೆಲವು ಮನೆಗೆ ಈಗ ಫೈಬರ್ ಬಂದಿದೆ, ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕಾಯಬೇಕು. ಜೂನಿನಿಂದ ಸೆಪ್ಟೆಂಬರ್ ನಮಗೆ ಮಳೆಗಾಲ, ಇಂಗ್ಲೆಂಡಿಗೆ ಅದೇ ಕ್ರಿಕೆಟ್ ಕಾಲ.

ಹಾಗಾದರೆ ಸರಕಾರದ ಟಿವಿ ಏನು ಮಾಡುತ್ತಿದೆ? ಇದು ಹೆಚ್ಚಿನವರಿಗೆ ಗೊತ್ತಿಲ್ಲದ, ಗೊತ್ತಿರಲೇಬೇಕಾದ ಕತೆ. 1993ರ ಹೀರೋ ಕಪ್ ಕ್ರಿಕೆಟ್ ಪ್ರಸಾರದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1995ರ ಫೆಬ್ರವರಿಯಲ್ಲಿ ತೀರ್ಪು ಬಂತು: ಪ್ರಸಾರದ ಅಲೆಗಳು ಸಾರ್ವಜನಿಕರ ಆಸ್ತಿ ಅಂತ. 2007ರಲ್ಲಿ ಕಾನೂನು ಬಂತು. ರಾಷ್ಟ್ರೀಯ ಮಹತ್ವದ ಅಂತ ಸರಕಾರ ಗುರುತಿಸಿದ ಪಂದ್ಯಗಳ ಸಿಗ್ನಲ್ಲನ್ನು ಖಾಸಗಿ ಚಾನೆಲ್ ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು, ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 75 ಹಕ್ಕು ಕೊಂಡವರಿಗೆ, 25 ಪ್ರಸಾರ ಭಾರತಿಗೆ. ಭಾರತದ ಪುರುಷರ ಏಕದಿನ, ಟಿ20 ಪಂದ್ಯಗಳು ಈ ಪಟ್ಟಿಯಲ್ಲಿವೆ. ಐಪಿಎಲ್ ಇಲ್ಲ. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು: ಹೀಗೆ ಸಿಕ್ಕ ಸಿಗ್ನಲ್ಲನ್ನು ದೂರದರ್ಶನ ತನ್ನ ಟವರ್‌ಗಳಲ್ಲಿ ಮತ್ತು ತಿಂಗಳ ಚಂದಾ ಇಲ್ಲದ ತನ್ನದೇ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ ಮತ್ತು ಡಿಶ್‌ಗಳಲ್ಲಿ ತೋರಿಸುವಂತಿಲ್ಲ.

ಟವರ್‌ಗಳ ಕತೆ ಏನಾಯಿತು? ಅಡಿಕೆ ದಬ್ಬೆಗೆ ಆಂಟೆನಾ ಕಟ್ಟಿ ನಾವು ಹಿಡಿಯುತ್ತಿದ್ದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಪ್ರಸಾರ ಭಾರತಿ 2022ರ ಹೊತ್ತಿಗೆ ಬಹುತೇಕ ನಿಲ್ಲಿಸಿತು. ಹೀಗಾಗಿ ನಮಗೆ ಉಳಿದದ್ದು ಫ್ರೀ ಡಿಶ್ ಒಂದೇ. ಕೇಬಲ್ ಇರುವ ಮನೆಯಲ್ಲಿ ಡಿಡಿ ಸ್ಪೋರ್ಟ್ಸ್ ಹಾಕಿದರೆ ಆ ಹೊತ್ತಿಗೆ ಪಂದ್ಯದ ಬದಲು ಬೇರೇನೋ ಬರುತ್ತದೆ. ಅಲೆಗಳು ಸಾರ್ವಜನಿಕರ ಆಸ್ತಿ, ಆದರೆ ಅದನ್ನು ನೋಡಲು ನಮ್ಮ ಹತ್ತಿರ ಒಂದು ನಿರ್ದಿಷ್ಟ ಬಾಣಲೆ ಇರಬೇಕು. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಈ ಕಾನೂನಿಗೆ ತಿದ್ದುಪಡಿಯ ಕರಡು ತಂದು ಜನರ ಅಭಿಪ್ರಾಯ ಕೇಳಿತ್ತು. ಆ ಕರಡು ಕಾನೂನಾಗಿದ್ದರೆ ಕೇಬಲ್‌ನವರಿಗೂ ಆಟ ಸಿಗುತ್ತಿತ್ತು. ಆಗಲಿಲ್ಲ.

ರಿಲಯನ್ಸ್ ಮತ್ತು ಡಿಸ್ನಿಯ ಆ ವಿಲೀನಕ್ಕೆ, ಕಂಪನಿಗಳ ಪೈಪೋಟಿ ಕಾಯುವ ಸ್ಪರ್ಧಾ ಆಯೋಗ 2024ರ ಆಗಸ್ಟ್‌ನಲ್ಲಿ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು. ಕ್ರಿಕೆಟ್ ವಿಷಯದಲ್ಲಿ ಆ ಷರತ್ತುಗಳು ಮಾತಾಡಿದ್ದು ಮುಖ್ಯವಾಗಿ ಜಾಹೀರಾತು ಕೊಡುವವರ ಬಗ್ಗೆ: ದರ ಮನಸ್ಸಿಗೆ ಬಂದಂತೆ ಏರಿಸಬಾರದು, ಒಂದು ಟೂರ್ನಿಯ ಸ್ಲಾಟನ್ನು ಇನ್ನೊಂದರ ಜೊತೆ ಕಟ್ಟಿ ಮಾರಬಾರದು ಅಂತ. ಸೋಪು ಮಾರುವವರಿಗೆ ಕಾವಲು ಸಿಕ್ಕಿತು. ನೋಡುವವನ ಬಗ್ಗೆ, ಅವನ ಭಾಷೆಯ ಬಗ್ಗೆ, ಅವನ ಊರಿಗೆ ನೆಟ್‌ವರ್ಕ್ ಇದೆಯೋ ಇಲ್ಲವೋ ಅನ್ನುವುದರ ಬಗ್ಗೆ ಅದೇ ಕಾಳಜಿ ತೋರಿಸಬೇಕಿತ್ತು. ಇದನ್ನು ನಾನು ಬೇಸರದಿಂದಲೇ ಹೇಳುತ್ತಿದ್ದೇನೆ.

ತೋರಿಸುವ ರೀತಿಯೂ ಬದಲಾಗಿದೆ. ಆಟ ಶುರುವಾಗುವ ಗಂಟೆ ಮೊದಲು ಮಾತು, ನಡುವೆ ಮಾತು, ಮುಗಿದ ಮೇಲೆ ಮಾತು. ಒಬ್ಬ ದೊಡ್ಡ ಆಟಗಾರ ಇದ್ದರೆ ಇಡೀ ಪಂದ್ಯ ಅವನ ಸುತ್ತವೇ. ಫ್ಯಾಂಟಸಿ ತಂಡ ಕಟ್ಟಿ ದುಡ್ಡು ಗೆಲ್ಲಿ ಅನ್ನುವ ಜಾಹೀರಾತು ವರ್ಷಗಟ್ಟಲೆ ತಲೆ ತಿಂದಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿನ ಆನ್‌ಲೈನ್ ಆಟಗಳು ನಿಂತವು, ಭಾರತ ತಂಡದ ಅಂಗಿಯ ಮೇಲಿದ್ದ ಡ್ರೀಮ್11 ಹೆಸರೂ ಹೋಯಿತು. ಒಳ್ಳೆಯದೇ ಆಯಿತು, ಎಷ್ಟೋ ಮನೆ ಉಳಿಯಿತು. ಆದರೆ ಆ ಜಾಹೀರಾತಿನ ದುಡ್ಡು ನಂಬಿ ಹಕ್ಕು ಕೊಂಡವರು ಈಗ ಆ ತೂತನ್ನು ಚಂದಾದಿಂದ ಮುಚ್ಚಲು ನೋಡುತ್ತಾರೆ ಅನ್ನುವುದು ನನ್ನ ಅಂದಾಜು.

ಅತ್ತ ಕಾಲ ಕಳೆದಂತೆ ಕ್ರಿಕೆಟ್ ಅಲ್ಲದ್ದಕ್ಕೆ ಜಾಗ ಕಮ್ಮಿ. 2014ರಲ್ಲಿ ಪ್ರೊ ಕಬಡ್ಡಿ ಬಂದಾಗ ಅಂಕೋಲಾ, ಕುಮಟಾ ಕಡೆಯ ಹುಡುಗರಿಗೆ ತಮ್ಮ ಆಟ ಟಿವಿಯಲ್ಲಿ ನೋಡಿ ಎದೆ ಉಬ್ಬಿತ್ತು. ಟಿವಿ ಮನಸ್ಸು ಮಾಡಿದರೆ ಏನಾಗಬಹುದು ಅನ್ನುವುದಕ್ಕೆ ಅದು ಸಾಕ್ಷಿ. ಹಳಿಯಾಳದ ಕುಸ್ತಿಗೆ ಆ ಅದೃಷ್ಟ ಬರಲಿಲ್ಲ. ಕರ್ನಾಟಕದ ರಣಜಿ ಪಂದ್ಯವನ್ನು ಕೂಡ ಎಷ್ಟೋ ಸಲ ಬರೀ ಸ್ಕೋರ್ ನೋಡಿ ತಿಳಿದುಕೊಳ್ಳಬೇಕು, ಒಂದು ಸುತ್ತಿನಲ್ಲಿ ಕೆಲವೇ ಪಂದ್ಯ ತೋರಿಸುತ್ತಾರೆ.

ಈ ನಡುವೆ ಕರಾವಳಿಯ ಹುಡುಗರು ತಾವೇ ಒಂದು ದಾರಿ ಮಾಡಿಕೊಂಡಿದ್ದಾರೆ. ಊರಿನ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಎಲ್ಲ ಈಗ ಯೂಟ್ಯೂಬಿನಲ್ಲಿ ಲೈವ್. ಎರಡು ಕ್ಯಾಮೆರಾ, ಒಂದು ಮೈಕ್, ನಮ್ಮದೇ ಕನ್ನಡದಲ್ಲಿ ವೀಕ್ಷಕ ವಿವರಣೆ, ನಡುವೆ ಊರಿನ ಅಂಗಡಿಯವರ ಹೆಸರು. ಗಲ್ಫಿನಲ್ಲಿರುವ ಹುಡುಗ ಕೂಡ ಕೂತು ನೋಡುತ್ತಾನೆ. ಚಿತ್ರ ಅಷ್ಟು ಚೆನ್ನಾಗಿ ಇರುವುದಿಲ್ಲ, ಆದರೆ ಯಾವ ಎಸೆತವೂ ತಪ್ಪುವುದಿಲ್ಲ, ಮತ್ತು ಎಲ್ಲಿ ಬರುತ್ತದೆ ಅಂತ ಯಾರೂ ಕೇಳಬೇಕಿಲ್ಲ.

ದೊಡ್ಡವರಿಂದ ನಾನು ಕೇಳುವುದು ಬಹಳ ಇಲ್ಲ. ಭಾರತದ ಪಂದ್ಯ ದೂರದರ್ಶನಕ್ಕೆ ಸಿಕ್ಕರೆ ಅದು ಕೇಬಲ್‌ನಲ್ಲೂ ಬರಲಿ, 2018ರ ಆ ಕರಡನ್ನು ಧೂಳು ಕೊಡವಿ ಮತ್ತೆ ತೆಗೆಯಲಿ. ಯಾರು ಹಕ್ಕು ಕೊಂಡರೂ ಕನ್ನಡದ ದನಿ ಆ ಚಾನೆಲ್ಲಿನಲ್ಲಿ ಇರಲಿ, ರಿಮೋಟಿನಲ್ಲಿ ಭಾಷೆ ಬದಲಿಸುವ ಗುಂಡಿ ಎಷ್ಟೋ ವರ್ಷದಿಂದ ಇದೆ, ಅದನ್ನು ಬಳಸಲು ಪ್ರತ್ಯೇಕ ಚಾನೆಲ್ಲೇ ಬೇಕಿಲ್ಲ. ಮತ್ತೆ, ಇಡೀ ಪ್ಯಾಕ್ ಬೇಡದವರಿಗೆ ಒಂದು ಸರಣಿಗೆ ಇಷ್ಟು ಅಂತ ದುಡ್ಡು ಕಟ್ಟಿ ಟಿವಿಯಲ್ಲೇ ನೋಡುವ ದಾರಿ ಇರಲಿ. ಫ್ಯಾನ್‌ಕೋಡ್ ಆ್ಯಪ್‌ನಲ್ಲಿ ಒಂದೊಂದು ಸರಣಿಗೆ ಪಾಸ್ ಮಾರುವ ಪದ್ಧತಿ ನಡೆದುಬಂದಿದೆ, ಡಿಶ್‌ನಲ್ಲಿ ಯಾಕೆ ಆಗಬಾರದು?

ಸದ್ಯಕ್ಕೆ ನಮ್ಮೂರಲ್ಲಿ ಒಂದು ಕೆಲಸ ಆಗಿದೆ. ಓವಲ್ ಪಂದ್ಯದ ಮೇಲೆ ನಾಲ್ಕು ಮನೆಯವರು ಸೇರಿ ಮಾತಾಡಿಕೊಂಡು, ನಮ್ಮ ಜಗಲಿಯ ಮಾಡಿನ ಮೇಲೆ ಫ್ರೀ ಡಿಶ್‌ನ ಬಾಣಲೆಯನ್ನೂ ಕೂರಿಸಿದೆವು. ಈಗ ಅಲ್ಲಿ ಎರಡು ಬಾಣಲೆ ಇವೆ, ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ. ಟಿವಿಯ ಹಿಂದೆ ಎರಡು ವಯರ್. ಯಾವ ಪಂದ್ಯಕ್ಕೆ ಯಾವ ವಯರ್ ಅಂತ ಅಣ್ಣನ ಮಗ ಕ್ಯಾಲೆಂಡರಿನ ಮೇಲೆ ಪೆನ್ನಿನಲ್ಲಿ ಬರೆದು ಗೋಡೆಗೆ ತೂಗುಹಾಕಿದ್ದಾನೆ. ಅಡಿಕೆ ಸುಲಿಯಲು ಬಂದವರು ಮಣೆ ಹಾಕುವ ಮೊದಲು ಆ ಕ್ಯಾಲೆಂಡರ್ ನೋಡುತ್ತಾರೆ.